ತಾಸು ಕೂಡಿಸಿದ ದಿನಗಳು

"ಎಷ್ಟು ವರ್ಷದ ಕೋರ್ಸದು?" ಎಂದು ಶಹಾಪುರದಲ್ಲಿ ಯಾರೇ ಕೇಳಿದರೂ ನನಗೆ ಸರಿಯಾಗಿ ಉತ್ತರ ಹೇಳಲು ಆಗುತ್ತಿರಲಿಲ್ಲ. ವಿಮಾನ ಹಾರಿಸುವ ವಿದ್ಯೆಯನ್ನು ವರ್ಷದಲ್ಲಿ ಅಳೆಯುವುದಿಲ್ಲ, ತಾಸಿನಲ್ಲಿ ಅಳೆಯುತ್ತಾರೆ. ಲೈಸೆನ್ಸ್ ಬೇಕೆಂದರೆ ಇನ್ನೂರು ತಾಸು ಹಾರಿರಬೇಕು. ಅದರಲ್ಲಿ ಅರ್ಧದಷ್ಟಾದರೂ ನಮ್ಮದೇ ಜವಾಬ್ದಾರಿಯಲ್ಲಿ, ಪಕ್ಕದಲ್ಲಿ ಕಲಿಸುವವರಿಲ್ಲದೆ ಹಾರಿದ್ದಾಗಿರಬೇಕು. ವಿಮಾನ ನಿಂತಲ್ಲಿಂದ ಅಲುಗಿದ ಗಳಿಗೆಯಿಂದ ಮರಳಿ ಬಂದು ನಿಲ್ಲುವತನಕದ ಹೊತ್ತಷ್ಟೇ ಲೆಕ್ಕಕ್ಕೆ. ಅದನ್ನು ಲಾಗ್‌ಬುಕ್ಕಿನಲ್ಲಿ ಬರೆದು ಗುರುಗಳ ಸಹಿ ಹಾಕಿಸಬೇಕು.

ಅವ್ವನಿಗೆ ಇದು ಶುದ್ಧ ಅನ್ಯಾಯ ಅನಿಸುತ್ತಿತ್ತು. "ಮುಂಜಾನಿಂದ ಸಂಜಿತನಕ ಅಲ್ಲೇ ಬಿಸಿಲಾಗ ಕುಂತಿರ್ತಿ. ಆ ತಾಸೆಲ್ಲಾ ಎಲ್ಲಿ ಹೋದವು?" ಎಂದು ಜಗಳಕ್ಕೇ ಬರುತ್ತಿದ್ದಳು.

"ಅವು ನನ್ನ ತಾಸು ಯವ್ವಾ. ಇಮಾನದ್ದಲ್ಲ."

"ಹಂಗಾರ ಇಮಾನಕ್ಕೇ ಲೈಸೆನ್ಸ್ ಕೊಡ್ಲಿ."

ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್. ಸುರಪುರ, ಹುಣಸಗಿ ಕಡೆಯ ಗಾಡಿ ಅವನದು. ಡ್ಯೂಟಿ ಮುಗಿಸಿ ಬಂದವನೇ ನನಗೆ ಫೋನ್ ಮಾಡುತ್ತಿದ್ದ. ಊಟ ಆತೇನು ಅಂತಿರಲಿಲ್ಲ, "ಎಷ್ಟಾದವು?" ಅಂತಿದ್ದ. ನಾನು ಹೇಳಿದರೆ "ಹ್ಞೂಂ" ಎಂದು ಇಟ್ಟುಬಿಡುತ್ತಿದ್ದ. ಮೊದಮೊದಲು ಆ ಪ್ರಶ್ನೆ ಖುಷಿ ಕೊಡುತ್ತಿತ್ತು. ಸರ್ಕಾರದ ನೆರವಿನಲ್ಲಿ ಸೀಟು ಸಿಕ್ಕು ಫ್ಲೈಯಿಂಗ್ ಸ್ಕೂಲಿಗೆ ಸೇರಿದ ಹೊಸತರಲ್ಲಿ ವಾರಕ್ಕೆ ನಾಲ್ಕೈದು ತಾಸು ಏರುತ್ತಿದ್ದವು. ಆಮೇಲೆ ಒಂದು ವಿಮಾನದ ಎಂಜಿನ್ ಬಿಚ್ಚಿದರು, ಅದರ ಸಾಮಾನು ಹೊರದೇಶದಿಂದ ಬರಬೇಕಿತ್ತು. ಇನ್ನೊಂದನ್ನು ಹುಡುಗನೊಬ್ಬ ಗಟ್ಟಿಯಾಗಿ ನೆಲಕ್ಕೆ ಕುಕ್ಕಿ ಮುಂದಿನ ಗಾಲಿ ಮುರಿದ. ಉಳಿದದ್ದು ಒಂದೇ. ಅದರ ಸರದಿಗೆ ನಾವೆಲ್ಲ ಸಾಲುಗಟ್ಟಿ ಕಾಯಬೇಕು. ನನಗೆ ಊರಿಗೆ ಹೋಗು, ಕರೆಯುತ್ತೇವೆ ಎಂದರು.

ಮನೆಗೆ ಬಂದು ದಿನ ಎಣಿಸುತ್ತ ಕೂತೆ. ಹಾರಿದ ತಾಸು ಒಮ್ಮೆ ಬರೆದರೆ ಅಳಿಸುವುದಿಲ್ಲ ನಿಜ, ಆದರೆ ಹಳತಾಗುತ್ತದೆ. ಲೈಸೆನ್ಸಿಗೆ ಅರ್ಜಿ ಹಾಕುವ ಮುಂಚಿನ ಆರು ತಿಂಗಳಲ್ಲಿ ಇಂತಿಷ್ಟು ಹಾರಿರಲೇಬೇಕು ಎಂಬ ನಿಯಮವಿದೆ. ನಾನು ಅವ್ವನ ಜೊತೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರೂ ಒಳಗೆ ಆರು ತಿಂಗಳು ಒಂದೊಂದೇ ದಿನ ಕರಗುತ್ತಿತ್ತು. ಗೋಗಿಯಿಂದ ಬಂದ ಸೋದರಮಾವ ಚಹಾ ಕುಡಿಯುತ್ತ, "ಇಮಾನ ಕೆಟ್ಟದ ಅಂದ್ರ ಅದು ರಿಪೇರಿ ಆಗೂದರಾಗ ಒಂದು ಲಗ್ನ ಮಾಡಿಬಿಡ್ರಿ" ಅಂದ. ಅಪ್ಪ ನಗಲಿಲ್ಲ. ಸಂಜೆ ಬಂದು ನನ್ನ ಮುಖ ನೋಡುವನು, "ಎಷ್ಟಾದವು" ಎಂದು ಕೇಳುವಂತಿಲ್ಲ, ಬಚ್ಚಲಿಗೆ ಹೋಗುವನು.

ಚಳಿಗಾಲ ಶುರುವಾದ ಮೇಲೆ ಕರೆ ಬಂತು. ಹೋದ ಎರಡನೆಯ ವಾರವೇ ನನ್ನ ದೊಡ್ಡ ಹಾರಾಟದ ಸರದಿ. ಒಬ್ಬಳೇ ದೂರ ಹೋಗಿ, ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದು, ಅದೇ ದಿನ ಮರಳಬೇಕಾದ ಹಾರಾಟ ಅದು. ಅದಿಲ್ಲದೆ ಇನ್ನೂರೇನು, ಮುನ್ನೂರು ತಾಸು ಕೂಡಿಸಿದರೂ ಲೈಸೆನ್ಸ್ ಇಲ್ಲ. ದಾರಿ ನಮ್ಮ ಸೀಮೆಯ ಮೇಲೇ ಇತ್ತು: ಸ್ಕೂಲಿನಿಂದ ಯಾದಗಿರಿಯತನಕ ರೈಲು ಹಳಿಯ ಗುಂಟ, ಅಲ್ಲಿಂದ ಭೀಮೆ ದಾಟಿ ಶಹಾಪುರ, ಸುರಪುರ, ಆಚೆಗೆ ಕೃಷ್ಣೆ. ಮುಂಜಾನೆ ಅವ್ವನಿಗೆ ಫೋನ್ ಮಾಡಿ, "ಇವತ್ತ ನಮ್ಮೂರ ಮ್ಯಾಲಿಂದ ಹೊಂಟೀನಿ, ಮಾಳಿಗಿ ಏರಿ ನೋಡು" ಅಂದೆ. ಅವಳು ಸುರಪುರದ ಚಿಕ್ಕವ್ವನಿಗೂ ಸುದ್ದಿ ಮುಟ್ಟಿಸಿದಳು.

ಹೊರಡುವಾಗ ಆಕಾಶ ಚೆನ್ನಾಗಿಯೇ ಇತ್ತು. ಯಾದಗಿರಿಯ ಕೋಟೆ ಗುಡ್ಡ ದೂರದಿಂದಲೇ ಕಂಡಿತು. ಗಡಿಯಾರ ನೋಡಿದೆ, ನಕ್ಷೆಯಲ್ಲಿ ಗುರುತು ಹಾಕಿದೆ, ಭೀಮೆಯ ಸೇತುವೆಯ ಮೇಲೆ ತಿರುಗಿದೆ. ಅಲ್ಲಿಂದ ಮುಂದೆ ಮಬ್ಬು ಹಿಡಿಯತೊಡಗಿತು. ಭತ್ತದ ಕೊಯ್ಲು ಮುಗಿದು ಕಾಲುವೆ ಸೀಮೆಯಲ್ಲೆಲ್ಲ ಹುಲ್ಲಿಗೆ ಬೆಂಕಿ ಹಾಕಿದ್ದರು. ಆ ಹೊಗೆ ಚಳಿಗಾಲದ ಮಂಜಿನ ಜೊತೆ ಸೇರಿ ಕೆಳಗಿನದನ್ನೆಲ್ಲ ಬೂದಿ ಬಣ್ಣ ಮಾಡಿತ್ತು. ಶಹಾಪುರದ ಗುಡ್ಡ, ಮಲಗಿದ ಮನುಷ್ಯನ ಹಾಗೆ ಕಾಣುವ ನಮ್ಮ ಗುಡ್ಡ, ನಾನು ಹುಟ್ಟಿದಾಗಿನಿಂದ ನೋಡಿದ ಗುಡ್ಡ, ತೀರ ಹತ್ತಿರ ಬರುವವರೆಗೆ ಕಾಣಲಿಲ್ಲ. ಕಂಡಾಗಲೂ ಅದು ನಾನಂದುಕೊಂಡ ಕಡೆ ಇರಲಿಲ್ಲ, ಎಡಕ್ಕಿತ್ತು. ನಾನು ದಾರಿಯಿಂದ ಸರಿದಿದ್ದೆ. ಅವ್ವ ನಿಂತ ಮಾಳಿಗೆಯನ್ನು ಹುಡುಕುವ ಯೋಚನೆ ಅಲ್ಲಿಗೇ ಬಿಟ್ಟುಹೋಯಿತು.

ಮುಂದಿನ ನಿಲ್ದಾಣವನ್ನು ರೇಡಿಯೋದಲ್ಲಿ ಕರೆದೆ. ಅಲ್ಲಿಯೂ ಮಬ್ಬು ಇಳಿಯುತ್ತಿದೆ, ಏನು ಮಾಡುತ್ತೀರಿ ಎಂದು ಕೇಳಿದರು. "ಸ್ವಲ್ಪ ಹೊತ್ತಿನಲ್ಲಿ ತಿಳಿಸುತ್ತೇನೆ" ಅಂದೆ.

ಮರಳಿದರೆ ಹಾರಿದ ಹೊತ್ತು ಹೇಗೂ ಲಾಗ್‌ಬುಕ್ಕಿಗೆ ಏರುತ್ತದೆ. ಆದರೆ ದೊಡ್ಡ ಹಾರಾಟ ಆದಂತಾಗುವುದಿಲ್ಲ, ಮತ್ತೆ ಮೊದಲಿನಿಂದ ಮಾಡಬೇಕು. ಮತ್ತೆ ಸಾಲಿನ ಕೊನೆಗೆ ಹೋಗಬೇಕು, ಅಷ್ಟರಲ್ಲಿ ಹಿಂದಿನ ತಾಸುಗಳು ಹಳತಾಗಿಬಿಡುತ್ತವೆ. ಇನ್ನೊಂದಿಷ್ಟು ಮುಂದೆ ಹೋಗಿ ನೋಡೋಣ, ಸುರಪುರದತನಕ ಹೋಗೋಣ, ಗುಡ್ಡಗಳ ಆಚೆ ತಿಳಿಯಾಗಿರಬಹುದು ಎಂದು ಮುಂದೆ ಹೋದೆ. ಆಚೆಯೂ ತಿಳಿಯಾಗಿರಲಿಲ್ಲ. ಕೆಳಗೆ ಬಂಡೆಗಳ ನೆರಳಿನಂಥದ್ದೇನೋ ಕಂಡು ಮಾಯವಾಯಿತು. ಸುರಪುರವೋ ಅಲ್ಲವೋ ಗೊತ್ತಾಗಲಿಲ್ಲ. ರಸ್ತೆ ಇಲ್ಲ, ಕಾಲುವೆ ಇಲ್ಲ. ನೆಲಕ್ಕೂ ಮುಗಿಲಿಗೂ ನಡುವಿನ ಗೆರೆಯೇ ಇಲ್ಲ. ವಿಮಾನ ಬಲಕ್ಕೆ ವಾಲುತ್ತಿದೆ ಎಂದು ಮೈ ಹೇಳುತ್ತಿತ್ತು, ಎದುರಿನ ಮೀಟರು ಮಾತ್ರ ಸಮನಾಗಿದೆ ಎನ್ನುತ್ತಿತ್ತು. ಯಾರ ಮಾತು ನಂಬಲಿ? ನಮ್ಮ ತಾಲೂಕಿನ ಮೇಲೇ, ಅಪ್ಪ ಕಣ್ಣುಮುಚ್ಚಿ ಬಸ್ ಓಡಿಸಬಲ್ಲ ಹಾದಿಯ ಮೇಲೇ, ನಾನು ದಾರಿ ತಪ್ಪಿದ್ದೆ.

ಆಗ ಒಂದೇ ಒಂದು ಖಚಿತವಾದ ಸಂಗತಿ ಹೊಳೆಯಿತು. ಎಲ್ಲೇ ಇರಲಿ, ಎಷ್ಟೇ ಸರಿದಿರಲಿ, ಈಶಾನ್ಯಕ್ಕೆ ಹೋಗುತ್ತಲೇ ಇದ್ದರೆ ಭೀಮೆ ಅಡ್ಡ ಬರಲೇಬೇಕು. ಹೊಳೆ ತಪ್ಪಿಸಿಕೊಂಡು ಎಲ್ಲಿಗೂ ಹೋಗುವುದಿಲ್ಲ. ಮರಳುತ್ತಿದ್ದೇನೆ ಎಂದು ರೇಡಿಯೋದಲ್ಲಿ ಹೇಳಿ, ಹೊರಗೆ ನೋಡುವುದನ್ನೇ ಬಿಟ್ಟು, ಮೀಟರಿನ ಮೇಲೆ ಕಣ್ಣಿಟ್ಟು ನಿಧಾನಕ್ಕೆ ತಿರುಗಿದೆ. ಅಷ್ಟು ಉದ್ದದ ತಿರುವನ್ನು ನಾನು ಜೀವನದಲ್ಲಿ ಮತ್ತೆ ತಿರುಗಿಲ್ಲ.

ಹೊಳೆ ಬರುವತನಕ ಉಸಿರು ಎಣಿಸಿದೆ ಅನಿಸುತ್ತದೆ. ಮೊದಲು ಮಂಕಾದ ತಗಡಿನಂತೆ ಏನೋ ಮಿನುಗಿತು. ಆಮೇಲೆ ಮರಳಿನ ದಂಡೆ, ಆಮೇಲೆ ನೀರು. ಅದರ ಗುಂಟ ಹೋಗಿ ಯಾದಗಿರಿ ಸೇರಿದೆ, ರೈಲು ಹಳಿ ಸಿಕ್ಕಿತು. ಹಳಿ ಹಿಡಿದು ಮರಳಿ ಬಂದು ಇಳಿದೆ.

ಗುರುಗಳು ವಿಮಾನದ ಹತ್ತಿರವೇ ಬಂದು ನಿಂತಿದ್ದರು. ಬೈಯುತ್ತಾರೆಂದು ಕಾದೆ. "ಎಷ್ಟು ತಡ ಮಾಡಿ ತಿರುಗಿದಿ?" ಎಂದಷ್ಟೇ ಕೇಳಿದರು. ಇದ್ದದ್ದು ಹೇಳಿದೆ. "ಶಹಾಪುರದ ಮೇಲೇ ತಿರುಗಬೇಕಿತ್ತು" ಅಂದು, ಆಫೀಸಿಗೆ ಕರೆದೊಯ್ದು ನಡೆದದ್ದನ್ನೆಲ್ಲ ಬಿಡಿಸಿ ಬಿಡಿಸಿ ಕೇಳಿದರು.

ಈ ಗಡಿಬಿಡಿಯಲ್ಲಿ ಮನೆಗೆ ಫೋನ್ ಮಾಡುವುದು ಮರೆತೇಹೋಗಿತ್ತು. ಫೋನ್ ತೆಗೆದು ನೋಡಿದರೆ ಅವ್ವನ ಕರೆಗಳ ಮೇಲೆ ಕರೆಗಳು. ನಾನು ಮಾಡಿದ ಕೂಡಲೇ ಎತ್ತಿದಳು.

"ಯವ್ವಾ, ಇಳದೀನಿ. ಆರಾಮ ಇದೀನಿ."

"ಸಪ್ಪಳ ಬಂತು," ಅಂದಳು. "ಇಮಾನ ಕಾಣಲಿಲ್ಲ, ಬರೇ ಸಪ್ಪಳ. ಹೋತು ಅಂದ್ಕೊಂಡೆ. ಮತ್ತ ಹೊಳ್ಳಿ ಬಂತು. ಹೊಳ್ಳಿ ಯಾಕ ಬಂತು? ಹೋದದ್ದು ಹೊಳ್ಳಿ ಯಾಕ ಬರ್ತದ? ಆಮ್ಯಾಲ ಸಪ್ಪಳನೂ ನಿಂತು ಹೋತಲ್ಲ."

ಸುರಪುರದ ಚಿಕ್ಕವ್ವ ತನಗೇನೂ ಕೇಳಿಸಲಿಲ್ಲ ಅಂದಳಂತೆ. ವಿಮಾನ ಬಿದ್ದೇಹೋಯಿತು ಎಂದುಕೊಂಡಿದ್ದಾಳೆ ಅವ್ವ. ಅಪ್ಪನಿಗೆ ಫೋನ್ ಮಾಡಿದ್ದಾಳೆ. ಅವನು ಗಾಡಿ ಓಡಿಸುವಾಗ ಎತ್ತುವುದಿಲ್ಲ. ಕಂಡಕ್ಟರು ಎತ್ತಿ, ವಿಷಯ ತಿಳಿದು, ಹುಣಸಗಿ ಮುಟ್ಟುವತನಕ ಅಪ್ಪನಿಗೆ ಹೇಳದೆ ಬಾಯಿ ಕಟ್ಟಿಕೊಂಡು ಕೂತಿದ್ದನಂತೆ. ತುಂಬಿದ ಗಾಡಿ, ಡ್ರೈವರಿಗೆ ಹೇಗೆ ಹೇಳುವುದು? ಹುಣಸಗಿಯಲ್ಲಿ ಇಳಿಸಿ ಹೇಳಿದಾಗ ಅಪ್ಪ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತುಬಿಟ್ಟನಂತೆ. ಆಗಲೇ ಅವ್ವನ ಎರಡನೆಯ ಫೋನ್ ಹೋಗಿದ್ದು, ಮಗಳು ಇಳಿದಾಳ ಎಂದು.

ಅಪ್ಪ ಆ ಸಂಜೆಯೂ ಫೋನ್ ಮಾಡಿದ. ತಾಸು ಕೇಳಲಿಲ್ಲ. "ಹೊಳ್ಳಿ ಬಂದಿ. ಛಲೋ ಮಾಡಿದಿ" ಅಂದ. ಎಂದಿನಂತೆ ಅಷ್ಟಕ್ಕೇ ಇಟ್ಟ.

ದೊಡ್ಡ ಹಾರಾಟದ ಸರದಿ ನನಗೆ ಮತ್ತೆ ಬರುವಷ್ಟರಲ್ಲಿ ಹತ್ತಿ ಬಿಡಿಸುವುದೂ ಮುಗಿದಿತ್ತು. ಕೆಲವು ತಾಸುಗಳು ಹಳತಾಗಿಯೇಬಿಟ್ಟವು. ಅವುಗಳ ಬದಲಿಗೆ ಹೊಸದಾಗಿ ಹಾರಿದೆ, ಬರುವ ವಿಮಾನಕ್ಕಾಗಿ ಮತ್ತೆ ಬಿಸಿಲಲ್ಲಿ ಕೂತೆ. ಆ ಸಲ ಆಕಾಶ ತೊಳೆದಿಟ್ಟಂತಿತ್ತು, ಎರಡೂ ಕಡೆ ಇಳಿದು ಮರಳಿದೆ. ಲೈಸೆನ್ಸ್ ಸಿಕ್ಕಿತು. ಈಗ ದೊಡ್ಡ ವಿಮಾನದಲ್ಲಿ ಎಡಗಡೆಯ ಕ್ಯಾಪ್ಟನ್ ಪಕ್ಕ ಬಲಗಡೆ ಕೂತು ಹಾರುತ್ತೇನೆ. ಆ ಎಡಗಡೆಗೆ ಹೋಗಲು ಸಾವಿರಗಟ್ಟಲೆ ತಾಸು ಬೇಕು. ಹಾರಾಟ ರದ್ದಾದ ದಿನ ಇಂದಿಗೂ ಒಳಗೆ ಅದೇ ಚಡಪಡಿಕೆ. ಲಾಗ್‌ಬುಕ್ಕಿನಲ್ಲಿ ಆ ಚಳಿಗಾಲದ ಸಾಲೂ ಇದೆ. ಹೊರಟ ಊರೂ ಮುಟ್ಟಿದ ಊರೂ ಒಂದೇ. ಒಬ್ಬಳೇ ಹಾರಿದ ಲೆಕ್ಕಕ್ಕೆ ಅದೂ ಸೇರಿದೆ. ಕೆಲಸದ ಸಂದರ್ಶನದಲ್ಲಿ ಯಾರೂ ಅದರ ಬಗ್ಗೆ ಕೇಳಲಿಲ್ಲ.

ಅವ್ವ ಮಾತ್ರ ಅಂದಿನಿಂದ ಮಾಳಿಗೆ ಏರಿಲ್ಲ. "ಎಲ್ಲಿ ಹೊಂಟಿ, ಯಾವಾಗ ಹೊಂಟಿ ಅಂತ ನನಗ ಹೇಳಬ್ಯಾಡ," ಅಂದಿದ್ದಾಳೆ. "ಇಳದ ಮ್ಯಾಲ ಹೇಳು."

ಹಾಗೇ ಮಾಡುತ್ತೇನೆ. ಇಳಿದು, ಪ್ರಯಾಣಿಕರೆಲ್ಲ ಹೋದ ಮೇಲೆ ಫೋನ್ ಮಾಡಿದರೆ, ಯಾವ ಊರು ಎಂದೂ ಕೇಳದೆ, "ಹ್ಞೂಂ, ಉಣ್ಣು ಹೋಗು" ಎನ್ನುತ್ತಾಳೆ.