ಹಸುವಿನ ಹಾಲಿಗೆ ಎಮ್ಮೆಯ ಫ್ಯಾಟು

ಹಗರೆ ಕಡೆಯ ಒಂದು ಹಾಲಿನ ಡೈರಿಗೆ ನಾನೇ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಅಲ್ಲಿ ಹಾಲಿಗೆ ದುಡ್ಡು ಕೊಡುವುದು ಅದರ ಫ್ಯಾಟು, ಅಂದರೆ ಕೊಬ್ಬಿನಂಶ, ನೋಡಿ. ಯಂತ್ರ ಅಳೆದ ಫ್ಯಾಟನ್ನು ಹಿನ್ನೆಲೆಯಲ್ಲಿ ಓಡುವ ಒಂದು ಥ್ರೆಡ್ (ಪ್ರೋಗ್ರಾಮಿನೊಳಗೆ ಬಿಡಿಯಾಗಿ ನಡೆಯುವ ಕೆಲಸದ ಎಳೆ) ಓದಿ, ಪರದೆ ನೋಡಿಕೊಳ್ಳುವ ಮುಖ್ಯ ಥ್ರೆಡ್‌ಗೆ ತಿಳಿಸಬೇಕು. ಪರದೆಯ ಮೇಲೆ ಬರೆಯುವುದು ಮುಖ್ಯ ಥ್ರೆಡ್ಡಿನ ಕೆಲಸ. ನಾನೋ, ಓದಿದ ಥ್ರೆಡ್ಡಿಗೇ ಬರೆಯಲೂ ಬಿಟ್ಟಿದ್ದೆ. ಹಾಗೆ ಮಾಡಬೇಡ ಎಂದು ಕಂಪ್ಯೂಟರ್ ಎಚ್ಚರಿಸಿದಾಗ, ಮಹಾ ಬುದ್ಧಿವಂತನಂತೆ ಎಚ್ಚರಿಕೆಯನ್ನೇ ಆಫ್ ಮಾಡಿದ್ದೆ.

ಮೊದಲ ದಿನವೇ, ಒಬ್ಬರ ಎಮ್ಮೆ ಹಾಲಿಗೆ ಏಳು ಎಂದು ತೋರಿಸಿದ ಪರದೆ ಅಲ್ಲೇ ಕಲ್ಲಾಗಿ ಕೂತಿತು. ಅವರ ಹಿಂದೆ ಬಂದ ಜಯಮ್ಮನವರ ಹಸುವಿನ ಹಾಲಿಗೂ ಏಳು.

"ನಮ್ ಹಸ ಯಾವತ್ತೂ ನಾಕು ದಾಟಿಲ್ಲ ಕಣಪ್ಪ," ಅಂದರು ಜಯಮ್ಮ.

"ಪರದೆ ಕೆಟ್ಟಿದೆಯಮ್ಮ, ಸರಿ ಮಾಡ್ತೀನಿ ಇರಿ," ಅಂದೆ.

"ಯಾಕಪ್ಪ ಕೆಡುಸ್ತೀಯ? ಚೆನ್ನಾಗೈತೆ, ಹಂಗೇ ಬುಡು!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಹಾಲಿನ ವ್ಯಾನು ಬರುವ ಹೊತ್ತಾಗಿದ್ದರಿಂದ ಡೈರಿಯ ಕಾರ್ಯದರ್ಶಿ ಮಾತ್ರ ನಗಲಿಲ್ಲ. ನಾನು ಮುಚ್ಚಿದ ಕ್ಯಾನಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಬೆವರುತ್ತಾ, ಬರೆಯುವ ಕೆಲಸವನ್ನು ಮುಖ್ಯ ಥ್ರೆಡ್‌ಗೇ ಒಪ್ಪಿಸಿದೆ. ಜಯಮ್ಮನವರ ಹಾಲನ್ನು ಮತ್ತೆ ಅಳೆದಾಗ ಪರದೆ ಮೂರೂವರೆ ಅಂದಿತು. ಅವರು ನನ್ನನ್ನು ದುರುಗುಟ್ಟಿ ನೋಡಿ, ಖಾಲಿ ಕ್ಯಾನು ಎತ್ತಿಕೊಂಡು ಹೊರಟರು.

ಇಷ್ಟು ವರ್ಷಗಳಲ್ಲಿ ನನ್ನ ಸಾಫ್ಟ್‌ವೇರ್ ಚೆನ್ನಾಗಿದೆ ಎಂದವರು ಅವರೊಬ್ಬರೇ. ಅದೂ ಅದು ಕೆಟ್ಟು ನಿಂತಿದ್ದಾಗ.