ಹೊರಡುವವರ ಕೇಕ್

ಜರ್ಮನಿಯ ಕಚೇರಿಗಳಲ್ಲಿ ಹುಟ್ಟುಹಬ್ಬದ ಕೇಕನ್ನು ಹುಟ್ಟಿದವರೇ ಹೊತ್ತು ತರಬೇಕು. ಹುಟ್ಟಿದ ತಪ್ಪಿಗೆ ದಂಡ ತೆರುವವರಂತೆ ಬೆಳಿಗ್ಗೆಯೇ ಕಾಫಿ ಕೋಣೆಯ ಮೇಜಿನ ಮೇಲೆ ಕೇಕನ್ನಿಟ್ಟು, ಚಾಕು, ಚಮಚ ಜೋಡಿಸಿ, ಇಡೀ ವಿಭಾಗವನ್ನು ಆಹ್ವಾನಿಸಿ, ಕೊನೆಗೆ ಎಂಜಲು ತಟ್ಟೆಗಳನ್ನೂ ತಾವೇ ತೊಳೆದಿಡುವ ಈ ಸಜ್ಜನರನ್ನು ಕಂಡು ಮೊದಮೊದಲು ನನಗೆ ಮರುಕ ಹುಟ್ಟುತ್ತಿತ್ತು. ಕೆಲಸ ಬಿಟ್ಟು ಹೋಗುವವರದ್ದೂ ಇದೇ ಪಾಡೆಂದು ಆಮೇಲೆ ತಿಳಿಯಿತು. ಹೊರಡುವವರೇ ಉಳಿಯುವವರ ಬಾಯಿ ಸಿಹಿ ಮಾಡುವ ಆ ವಿಧಿಗೆ ಔಸ್‌ಸ್ಟಾಂಡ್ ಎಂದು ಹೆಸರು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿತ್ತು, ಬದುಕಿದ್ದಾಗಲೇ ಚರಮಗೀತೆ ಹಾಡಿ ಬೀಳ್ಕೊಡುವ ನಾಡಿನಿಂದ ಬಂದ ನನಗೆ, ಓದುಗ ಮಿತ್ರರೇ, ಇದು ಶುದ್ಧ ಅನಾಚಾರವಾಗಿ ತೋರಿತ್ತು.

ಕಂಪ್ಯೂಟರ್ ಬಲ್ಲವರಿಗೆಂದು ಜರ್ಮನಿ ಕೊಟ್ಟ ಗ್ರೀನ್ ಕಾರ್ಡಿನ ಮೊದಲ ಅಲೆಯಲ್ಲಿ ರೇಗನ್ಸ್‌ಬರ್ಗಿಗೆ ಬಂದು ಬಿದ್ದವನು ನಾನು. ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯೊಂದು ಹೊಸ ತಂತ್ರಾಂಶ ಅಳವಡಿಸಲು ನನ್ನನ್ನು ಕರೆಸಿಕೊಂಡಿತ್ತು. ಪ್ರಯಾಣದ ಬಿಲ್ಲು, ರಜೆಯ ಅರ್ಜಿ, ಸಾಮಾನಿನ ಬೇಡಿಕೆ, ಎಲ್ಲವನ್ನೂ ಪ್ರತಿಯೊಬ್ಬರೂ ತಮ್ಮ ಕಂಪ್ಯೂಟರಿನಲ್ಲೇ ಮುಗಿಸಿಕೊಳ್ಳುವ ವ್ಯವಸ್ಥೆ ಅದು. ಅದುವರೆಗೆ ಇಷ್ಟನ್ನೂ ನೋಡಿಕೊಳ್ಳುತ್ತಿದ್ದವರು ನಮ್ಮ ವಿಭಾಗದ ಕಾರ್ಯದರ್ಶಿ ಫ್ರೌ ಹೂಬರ್, ಅಂದರೆ ಶ್ರೀಮತಿ ಹೂಬರ್. ನಾನು ಬಂದ ವಾರ ತಮ್ಮ ಕಾರಿನಲ್ಲಿ ನನ್ನನ್ನು ವೀಸಾ ಕಚೇರಿಗೆ ಕರೆದೊಯ್ದು, ಗುಮಾಸ್ತನೊಡನೆ ನನ್ನ ಪರವಾಗಿ ಜಗಳವಾಡಿ, ಈ ದೇಶದಲ್ಲಿ ನನ್ನನ್ನು ನೆಲೆ ನಿಲ್ಲಿಸಿದವರೂ ಅವರೇ.

ವ್ಯವಸ್ಥೆ ಬದಲಾದರೆ ಜನರೂ ಬದಲಾಗಬೇಕಲ್ಲ? ಅದಕ್ಕೆಂದು ಆಡಳಿತವರ್ಗ 'ಪರಿವರ್ತನೆಯ ಸಂಗಾತಿ' ಎಂಬ ಹೊಣೆಯೊಂದನ್ನು ಸೃಷ್ಟಿಸಿ ನನ್ನ ಕೊರಳಿಗೆ ಕಟ್ಟಿತು. ದೇಶವನ್ನೇ ಬದಲಿಸಿ ಬಂದವನಿಗೆ ಬದಲಾವಣೆಯ ಮರ್ಮ ತಿಳಿದಿರುತ್ತದೆಂಬುದು ಅವರ ತರ್ಕ. ಉಡುಪಿಯಿಂದ ತಂದ ಮಿಡಿ ಉಪ್ಪಿನಕಾಯಿ ಮುಗಿದ ದಿನ ಮಂಕು ಕವಿದು ಕೂರುವ ನನ್ನ ಪರಿವರ್ತನಶೀಲತೆಯನ್ನು ಅವರು ವಿಚಾರಿಸಲೇ ಇಲ್ಲ. ತರಬೇತಿಯಲ್ಲಿ ಒಂದು ಗೆರೆ ತೋರಿಸಿದರು. ಬದಲಾವಣೆ ಎದುರಾದಾಗ ಮನಸ್ಸು ಮೊದಲು ಕಣಿವೆಗೆ ಇಳಿಯುತ್ತದಂತೆ, ಆಮೇಲೆ ಏರುತ್ತದಂತೆ. ಇಳಿದವರನ್ನು ಕೈಹಿಡಿದು ಹತ್ತಿಸುವುದು ನನ್ನ ಪಾಲಿನ ಕೆಲಸ.

ಫ್ರೌ ಹೂಬರ್ ನನ್ನ ಕೈ ಹಿಡಿಯಲು ಕಾಯಲಿಲ್ಲ. ಎಲ್ಲರಿಗಿಂತ ಮೊದಲು ಕಲಿತು, ಗೊಣಗುವ ಎಂಜಿನಿಯರುಗಳ ಪಕ್ಕದಲ್ಲಿ ಕುಳಿತು ಅವರಿಗೂ ಕಲಿಸಿದರು. ಕಲಿತರೆ ಜಾಗ ಉಳಿಯುತ್ತದೆಂದು ಅವರು ನಂಬಿದ್ದರು, ನಾನೂ ನಂಬಿದ್ದೆ. ಆದರೆ ಎಲ್ಲರಿಗೂ ತಂತಮ್ಮ ಬಿಲ್ಲು ಬರೆಯಲು ಬಂದ ಮೇಲೆ ಬರೆದುಕೊಡುವವರು ಯಾರಿಗೆ ಬೇಕು? ಬೇಸಿಗೆ ರಜೆ ಮುಗಿಯುತ್ತಲೇ ಅವರ ಹುದ್ದೆ ರದ್ದಾಯಿತು. ತರಬೇತಿಯ ಗೆರೆಯಲ್ಲಿ ಈ ತಿರುವು ಇರಲಿಲ್ಲ.

"ಅಲ್ರೀ ಸರ, ಕೆಲಸಾ ಕಸಗೊಂಡು ಮ್ಯಾಲೆ ಅವರ ಕೈಲೇ ಕೇಕ್ ಮಾಡಿಸಿ ತಿನ್ನೂದಂದ್ರ ಏನ್ರಿ? ನಮ್ಮ ಪದ್ಧತಿ ಪ್ರಕಾರ ನಾವ ಮಾಡೂಣ" ಎಂದ ಪಕ್ಕದ ಮೇಜಿನ ಬಸವರಾಜ. ಹುಬ್ಬಳ್ಳಿಯವನು, ಕರುಳು ಮೆತ್ತಗೆ. ನನಗೂ ಅದೇ ಸರಿಯೆನಿಸಿತು. ನೀವೇನೂ ತರಕೂಡದೆಂದು ಫ್ರೌ ಹೂಬರ್ ಅವರಿಗೆ ಕಟ್ಟಪ್ಪಣೆ ಮಾಡಿದೆವು. ಅವರು ಒಂದು ಕ್ಷಣ ನಮ್ಮನ್ನೇ ನೋಡಿ ಆಗಲೆಂದು ತಲೆಯಾಡಿಸಿದರು. ಬೀಳ್ಕೊಡುಗೆಯ ದಿನ ಬಸವರಾಜನ ಹೆಂಡತಿ ಮಾಡಿದ ಶಿರಾ, ಹಣ್ಣಿನ ಬುಟ್ಟಿ, ನನ್ನ ಪೆಟ್ಟಿಗೆಯ ತಳದಿಂದೆದ್ದ ಮೈಸೂರು ಶಾಲು ಎಲ್ಲವೂ ಸಿದ್ಧವಿತ್ತು. ಶಾಲು ಹೊದ್ದು ಕುಳಿತ ಅವರ ಸುತ್ತ ಜರ್ಮನರು ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು. ಫ್ರೌ ಹೂಬರ್ ಎರಡು ಚಮಚ ಶಿರಾ ತಿಂದರು.

ಎಲ್ಲರೂ ಚದುರಿದ ಮೇಲೆ, ತಟ್ಟೆ ತೊಳೆಯುತ್ತಿದ್ದ ನನ್ನ ಬಳಿ ಬಂದು ಮೆಲ್ಲಗೆ ಹೇಳಿದರು: "ತೋಟದ ಪ್ಲಮ್ ಹಣ್ಣು ಕೊಯ್ದಿಟ್ಟುಕೊಂಡಿದ್ದೆ. ನನ್ನ ಕೆಲಸಗಳನ್ನೆಲ್ಲ ಒಂದೊಂದಾಗಿ ನಿಮಗೆ ಒಪ್ಪಿಸಿದೆ. ಇದೊಂದನ್ನಾದರೂ ನನಗೆ ಬಿಡಬಹುದಿತ್ತು."

ದನಿಯಲ್ಲಿ ಸಿಟ್ಟಿರಲಿಲ್ಲ. ಶಾಲನ್ನು ನೀಟಾಗಿ ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಸ್ವಂತ ಅಡುಗೆಮನೆಯಲ್ಲಿ ಸ್ವಂತ ಕೈಯಿಂದ ಕೇಕ್ ಮಾಡಿ, ಇಷ್ಟು ವರ್ಷದ ಜೊತೆಗಾರರಿಗೆ ಬಡಿಸಿ, ಯಜಮಾನಿತಿಯಾಗಿ ಹೊರಡಬೇಕೆಂದಿದ್ದವರನ್ನು ನಾವು ನಮ್ಮ ದಯೆಯಿಂದ ನೆಂಟರನ್ನಾಗಿ ಮಾಡಿ ಕಳಿಸಿದ್ದೆವು.

ಕಾಲಕ್ರಮದಲ್ಲಿ ಕಂಪನಿಯ ವ್ಯಾಪಾರ ಕುಗ್ಗಿ, ಮತ್ತೊಂದು ಪರಿವರ್ತನೆ ಬಂದು, ನನ್ನ ಹುದ್ದೆಗೂ ಕತ್ತರಿ ಬಿತ್ತು. ಕೆಲಸವಿಲ್ಲದವನಿಗೆ ಗ್ರೀನ್ ಕಾರ್ಡೆಂಬುದು ಊರಿಗೆ ಗಂಟು ಕಟ್ಟಲು ಕೊಟ್ಟ ನೋಟೀಸಷ್ಟೇ. ನನಗೂ ಒಬ್ಬ ಸಂಗಾತಿಯನ್ನು ನೇಮಿಸಿದರು. ಆತ ಅದೇ ಗೆರೆಯನ್ನು ತೋರಿಸಿದ. ನಾನು ಸಭ್ಯತೆಯಿಂದ ಮೊದಲ ಸಲ ನೋಡಿದವನಂತೆ ನೋಡಿದೆ.

"ಸರ, ನೀವು ಕೈ ಹಚ್ಚಬ್ಯಾಡ್ರಿ, ಶಿರಾ ನಮ್ಮ ಮನಿಯಿಂದ ತರ್ತೀನಿ" ಎಂದ ಬಸವರಾಜ.

"ಬೇಡ ಮಾರಾಯ, ನಾನೇ ಮಾಡ್ತೇನೆ."

ಮಾಡುವುದು ಹೇಗೆಂದು ಗೊತ್ತಿದ್ದರೆ ತಾನೆ? ಅಳುಕುತ್ತಲೇ ಫ್ರೌ ಹೂಬರ್ ಅವರಿಗೆ ಫೋನ್ ಮಾಡಿ ಪ್ಲಮ್ ಕೇಕಿನ ವಿಧಾನ ಕೇಳಿದೆ. ಹಿಟ್ಟು ಎಷ್ಟು ಹೊತ್ತು ಉಬ್ಬಬೇಕು, ಹಣ್ಣಿನ ಹೋಳುಗಳನ್ನು ಹೇಗೆ ಒತ್ತೊತ್ತಾಗಿ ನಿಲ್ಲಿಸಬೇಕು, ಎಲ್ಲವನ್ನೂ ತಾಳ್ಮೆಯಿಂದ ಹೇಳಿ, ಯಾರ ಹುಟ್ಟುಹಬ್ಬ ಎಂದು ಕೇಳಿದರು. ಹುಟ್ಟುಹಬ್ಬವಲ್ಲವೆಂದೆ. ಅವರು ಇಡೀ ವಿಧಾನವನ್ನು ಮೊದಲಿನಿಂದ ಮತ್ತೊಮ್ಮೆ ಹೇಳಿ ಬರೆಸಿ, ಕೊನೆಗೆ ಹೇಳಿದರು:

"ತಟ್ಟೆಗಳನ್ನೂ ನೀವೇ ತೊಳೆಯಿರಿ. ಯಾರಿಗೂ ಬಿಟ್ಟುಕೊಡಬೇಡಿ."

ಕೇಕಿನ ಅಡಿ ಸೀದಿತ್ತು. ಪಾಪ, ಎಲ್ಲರೂ ತಿಂದರು. ಆಮೇಲೆ ಕಾಫಿ ಕೋಣೆಯಲ್ಲಿ ಅಂಗಿಯ ತೋಳು ಮಡಚಿ ನಿಂತೆ. ಒರೆಸಲು ಬಟ್ಟೆ ಹಿಡಿದು ಬಂದ ಬಸವರಾಜನನ್ನು ವಾಪಸ್ಸು ಕಳಿಸಿ, ತಟ್ಟೆಗಳನ್ನು ಒಂದೊಂದಾಗಿ ನಾನೇ ತೊಳೆದಿಟ್ಟೆ.