ಗಡಿಯ ಸಾಲಿನಲ್ಲಿ ಬಾಗಿಲು ತೆಗೆಸಿದವಳು

ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ, ಕಾಲು ಅಗಲಿಸಿ ನಿಂತು, ಅಂಗೈಯಲ್ಲೇ ಈರುಳ್ಳಿ ಹೆಚ್ಚುತ್ತಿದ್ದಳು ನಮ್ಮ ಯಾತ್ರೆ ಬಸ್ಸಿನ ಅಡುಗೆಯವಳು. ಚೌಳಹಿರಿಯೂರಿನ ಕಡೆಯವಳು, ಗಟ್ಟಿ ಗಂಟಲು. ಕಡೂರಿನಿಂದ ನೇಪಾಳಕ್ಕೆ ಹೊರಟಿದ್ದೆವು. ನಾವು ಪಶುಪತಿನಾಥನನ್ನು ನೋಡಲು, ಅವಳು ನಮಗೆ ಬೇಯಿಸಿ ಹಾಕುತ್ತ ಬುದ್ಧ ಹುಟ್ಟಿದ ಜಾಗಕ್ಕೆ ಕೈ ಮುಗಿಯಲು.

ನಮ್ಮ ಕಡೆ ಹೆಂಗಸರು ಬಸ್ಸು ಹತ್ತುವ ದಿನ ನೀರು ಕುಡಿಯುವುದಿಲ್ಲ. ನಿಲ್ಲಿಸಪ್ಪ ಎಂದು ಬಾಯಿಬಿಟ್ಟು ಕೇಳಬೇಕಲ್ಲ, ಅದಕ್ಕೆ. ಅವಳು ಬೈಯುತ್ತಿದ್ದಳು: "ಅನ್ನ ಕೇಳಕ್ಕೆ ನಾಚ್ಕೆ ಇಲ್ಲ, ಇದಕ್ಕೇನ್ರೇ ನಾಚ್ಕೆ?" ಗಡಿಯ ಹತ್ತಿರ ಸೆಕೆ ತಡೆಯದೆ ನಾನು ಒಂದು ಚೊಂಬು ನೀರು ಕುಡಿದುಬಿಟ್ಟೆ.

ಅಲ್ಲಿ ಲಾರಿ, ಬಸ್ಸುಗಳ ಸಾಲು ಕದಲಲೇ ಇಲ್ಲ. ತಪಾಸಣೆಗೆ ಯಾವಾಗ ಕರೆಯುತ್ತಾರೋ ಎಂದು ಡ್ರೈವರ್ ಬಾಗಿಲು ಹಾಕಿಸಿದ್ದ. ನಾನು ಹಲ್ಲು ಕಚ್ಚಿ ಕೂತಿದ್ದೆ. ಅವಳು ನನ್ನ ಮುಖ ನೋಡಿದಳು, ಎದ್ದು ಮುಂದಕ್ಕೆ ಹೋದಳು.

"ಲೇ ಡ್ರೈವರಪ್ಪ, ಬಾಗ್ಲು ತೆಗಿ. ನಂಗೆ ತಡ್ಯಕ್ಕಾಗ್ತಿಲ್ಲ."

"ಈಗ್ಲೇನಾ ಅಕ್ಕಾ? ಸರದಿ ತಪ್ಪಿದ್ರೆ ಸಂಜೆವರ್ಗೂ ಇಲ್ಲೇ ಕಣಕ್ಕೋ!"

"ಹಂಗಾದ್ರೆ ಆಮೇಲೆ ಬಸ್ಸು ನೀನೇ ತೊಳ್ಕೊ. ಬಾ ಅಜ್ಜಿ, ನಂಗೆ ಕಾವಲಿಗೆ," ಎಂದು ನನ್ನನ್ನು ಕರೆದಳು.

ಬಸ್ಸೆಲ್ಲ ನಕ್ಕಿತು.

ಯಾರದೋ ಮನೆಯವರನ್ನು ಕೇಳಿಕೊಂಡು ನನ್ನನ್ನು ಹಿತ್ತಲಿಗೆ ಕಳಿಸಿ, ಕಾವಲು ನಿಂತವಳು ಅವಳು. ನಾವು ಮರಳುವಷ್ಟರಲ್ಲಿ ಸರದಿ ತಪ್ಪಿಹೋಗಿತ್ತು. ಎಲ್ಲರೂ ಅವಳ ಮೇಲೆ ಹರಿಹಾಯ್ದರು. ನನ್ನ ಪಕ್ಕದ ಸೀಟಿನವಳು, "ಇವ್ಳಿಗೆ ಮಾನ ಇಲ್ವಾ?" ಎಂದಳು. ಅವಳು ಸುಮ್ಮನೆ ಮಂಡಕ್ಕಿ ಹಂಚಿದಳು. ನಾನು ನನ್ನ ಪಾಲು ತಿಂದೆ. ಬಾಯಿ ಬಿಡಲಿಲ್ಲ.

ವಾಪಸು ಬರುವಾಗ ಬಸ್ಸಿನ ಮಾಲೀಕನ ಜೊತೆ ಅವಳು ಫೋನಿನಲ್ಲೇ ಜಗಳವಾಡಿದಳು. ಸಾಲು ಸೇರುವ ಮೊದಲೇ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಬೇಕು, ಹೆಂಗಸರು ಮೊದಲು ಇಳಿಯಬೇಕು. ಈಗ ಅವನ ಬಸ್ಸುಗಳಲ್ಲೆಲ್ಲ ಅದೇ ಪದ್ಧತಿ. ಹೋಗಿಬಂದವರು ಆರಾಮಾಗಿತ್ತು ಅನ್ನುತ್ತಾರೆ. ಯಾರಿಂದ ಎಂದು ನಾನು ಹೇಳಿರಲಿಲ್ಲ. ಹೇಳಿದರೆ ನನ್ನ ಕಥೆಯೂ ಹೊರಗೆ ಬರುತ್ತಿತ್ತು.

ಈ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಮಣ್ಣು ಮುಗಿಸಿ ಅವಳ ಮನೆಯ ಮುಂದೆ ಕೂತಿದ್ದಾಗ, ಅದೇ ಪಕ್ಕದ ಸೀಟಿನವಳು, "ಒಂದು ಉಚ್ಚೆಗೆ ಇಡೀ ಬಸ್ಸನ್ನೇ ಕಾಯ್ಸಿದ್ಲಲ್ಲ ಪುಣ್ಯಾತ್ಗಿತ್ತಿ" ಎಂದಳು. ಅಳುತ್ತಿದ್ದವರೂ ನಕ್ಕರು.

"ಅವ್ಳಿಗಲ್ಲ ಕಣ್ರೇ," ಅಂದೆ. "ಅವತ್ತು ತಡ್ಯಕ್ಕಾಗ್ದೆ ಇದ್ದಿದ್ದು ನಂಗೆ."

ಅಡುಗೆಯವಳ ಮಗಳು ಬಂದು ನನ್ನ ಪಕ್ಕ ಕೂತಳು.

"ನಂಗೊತ್ತಜ್ಜಿ. ನೀವು ಸಿಕ್ಕಾಗ ಆ ಮಾತು ಎತ್ಬೇಡ, ಪಾಪ, ಅಜ್ಜಿ ನಾಚ್ಕಂತದೆ ಅಂತ ಹೇಳಿದ್ಲು ಅವ್ವ."